ಜೀಪು ಹಳೆಯದಿರಲಿ, ನಂಬರು ಮಾತ್ರ ಅಂಟಿಸಿದ್ದು ಬೇಡ

ಕಂಬಂ: ಕೋಳಿ ಕೂಗುವ ಹೊತ್ತಿಗೆಲ್ಲ ಕಂಬಂ, ಗೂಡಲೂರು, ಉತ್ತಮಪಾಳಯಂ, ಬೋಡಿ ಬೀದಿಗಳಲ್ಲಿ ಜೀಪುಗಳ ಸದ್ದು ಶುರುವಾಗುತ್ತದೆ. ಏಲಕ್ಕಿ ತೋಟದ ಕೂಲಿಗೆ ಹೊರಟ ಹೆಣ್ಣಾಳುಗಳನ್ನು ತುಂಬಿಕೊಂಡು ಕುಮಿಳಿ, ಕಂಬಂಮೆಟ್ಟು, ಬೋಡಿಮೆಟ್ಟು ಘಾಟಿ ಹತ್ತಿ ಕೇರಳದ ಇಡುಕ್ಕಿ ಜಿಲ್ಲೆ ಸೇರುವ ಗಾಡಿಗಳಿವು. ಇವುಗಳಲ್ಲಿ ಕೆಲವಕ್ಕೆ ಓಡಿಸುವ ಹುಡುಗನಿಗಿಂತ ಹೆಚ್ಚು ವಯಸ್ಸು. ಎಂಜಿನ್ ಗಟ್ಟಿಮುಟ್ಟು, ಬಣ್ಣ ಹೊಸದು. ಆದರೆ ನಂಬರು ನೋಡಿದರೆ ಅಂಗಡಿಯಲ್ಲಿ ಕತ್ತರಿಸಿ ಅಂಟಿಸಿದ ಸ್ಟಿಕ್ಕರ್! ಘಾಟಿಯ ಮಳೆ, ಮಂಜು, ಕೆಸರಿಗೆ ಸಿಕ್ಕಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ '8' ಹೋಗಿ '3' ಆಗಿರುತ್ತದೆ.

'ಹಳೇ ಗಾಡಿ ಸ್ವಾಮಿ, ಅದಕ್ಯಾಕೆ ಹೊಸ ಪ್ಲೇಟು?' ಅನ್ನೋದು ಮಾಲೀಕರ ಮಾತು. ಹವ್ಯಾಸಕ್ಕಾಗಿ ವಿಲ್ಲಿಸ್ ಜೀಪು, ಅಂಬಾಸಿಡರ್, ಫಿಯೆಟ್ ಸಾಕಿಕೊಂಡವರ ಮಾತೂ ಅದೇ. ಹಳೆಯ ಕಾರಿನ ಮುಖಕ್ಕೆ ಹೊಸ ಕಾಲದ ತಗಡು ಒಪ್ಪುವುದಿಲ್ಲ, ಬಂಪರ್‌ಗೆ ತೂತು ಕೊರೆದರೆ ಅಂದ ಕೆಡುತ್ತದೆ, ಆದ್ದರಿಂದ ಸ್ಟಿಕ್ಕರೇ ಸಾಕು ಎಂಬ ವಾದ. ಕೇಳಲು ಚೆನ್ನಾಗಿದೆ. ಕಾನೂನು ಮಾತ್ರ ಬೇರೆಯೇ ಹೇಳುತ್ತದೆ.

ಕಾನೂನು ಹೇಳುವುದೇನು?

ಕೇಂದ್ರ ಮೋಟಾರು ವಾಹನ ನಿಯಮ 1989ರ 50ನೇ ನಿಯಮದಲ್ಲಿ ನಂಬರ್ ಪ್ಲೇಟಿನ ಜಾತಕವೇ ಇದೆ. ಹೈ ಸೆಕ್ಯುರಿಟಿ ಪ್ಲೇಟು ಎಂದರೆ 1 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಹಲಗೆ, ಒತ್ತಿ ಉಬ್ಬಿಸಿದ ಅಕ್ಷರ, ಕ್ರೋಮಿಯಂ ಹೋಲೋಗ್ರಾಂ, ಲೇಸರ್‌ನಲ್ಲಿ ಕೆತ್ತಿದ ಗುರುತು ಸಂಖ್ಯೆ. ಒಮ್ಮೆ ಕೂರಿಸಿದರೆ ಬಿಚ್ಚಿ ಮತ್ತೆ ಹಾಕಲಾಗದ ಲಾಕು. ಕಾರು, ಜೀಪಿನ ಅಕ್ಷರ 65 ಮಿಲಿಮೀಟರ್ ಎತ್ತರ ಇರಬೇಕು ಎಂದು 51ನೇ ನಿಯಮ ಹೇಳುತ್ತದೆ. ಅಕ್ಷರ ಇಂಗ್ಲಿಷಿನಲ್ಲೇ ಇರಬೇಕು. ಕನ್ನಡದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಬರೆಸಿಕೊಂಡರೆ ಭಾಷಾಭಿಮಾನ ಆದೀತೇ ಹೊರತು ನಂಬರ್ ಪ್ಲೇಟು ಆಗದು.

ಈ ಪ್ಲೇಟಿನ ಅಧಿಸೂಚನೆ ಬಂದದ್ದು 2001ರಲ್ಲಿ. ಹೊಸ ಗಾಡಿಗಳಿಗೆ ಕಂಪನಿಯವರೇ ಪ್ಲೇಟು ಕೊಡಬೇಕೆಂಬ ನಿಯಮ ಜಾರಿಯಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕಿಂತ ಹಳೆಯ ಗಾಡಿಗಳಿಗೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಮಗ ಬೆಂಗಳೂರಿನಲ್ಲಿ ಕೊಂಡ 'ಕೆಎ' ಗಾಡಿಯನ್ನು ಕಂಬಂ, ತೇನಿಗೆ ತಂದು ನಿಲ್ಲಿಸಿಕೊಂಡ ಕನ್ನಡ ಮನೆಗಳವರು ಇದನ್ನು ಮರೆಯುವಂತಿಲ್ಲ. ಗಡಿ ದಾಟಿದ ಮಾತ್ರಕ್ಕೆ ನಿಯಮ ದಾಟಿದಂತಾಗದು.

ತಮಾಷೆ ಎಂದರೆ ಕಾನೂನೇ ಒಪ್ಪಿದ ಸ್ಟಿಕ್ಕರೂ ಒಂದಿದೆ. ಹೈ ಸೆಕ್ಯುರಿಟಿ ಪ್ಲೇಟಿನ ಜತೆ ಮುಂಗಾಜಿನ ಒಳಗೆ ಎಡಮೂಲೆಯಲ್ಲಿ ಅಂಟಿಸುವ ಮೂರನೇ ಗುರುತು ಅದು. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್‌ಗೆ ತಿಳಿನೀಲಿ ಬಣ್ಣ. ಕೀಳಲು ಹೋದರೆ ಹರಿದು ಹಾಳಾಗುತ್ತದೆ. ಅದು ಎರಡು ಪ್ಲೇಟುಗಳ ಜತೆಗಾರ, ಅವುಗಳ ಬದಲಿ ಅಲ್ಲ.

ಐವತ್ತು ದಾಟಿದವಕ್ಕೆ ದಾರಿ ಇದೆ

ಹಳೆ ಕಾರಿನವರಿಗೆ ಕಾನೂನು ಪೂರ್ತಿ ಬಾಗಿಲು ಹಾಕಿಲ್ಲ. 2021ರ ಜುಲೈ 15ರ ಅಧಿಸೂಚನೆಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನ ನಡುವೆ 'ವಿಎ' ಅಕ್ಷರ ಬರುತ್ತದೆ. ಈಗಾಗಲೇ ನಂಬರು ಇದ್ದವರು ಹಳೆಯದನ್ನೇ ಉಳಿಸಿಕೊಳ್ಳಬಹುದು. ಆದರೆ ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗಷ್ಟೇ ರಸ್ತೆಗಿಳಿಸಬೇಕು. ಬಾಡಿಗೆಗೆ ಓಡಿಸುವಂತಿಲ್ಲ.

ಬ್ರಿಟನ್‌ನಲ್ಲಿ 1980ಕ್ಕಿಂತ ಮೊದಲಿನ ಗಾಡಿಗಳು ಕಪ್ಪು ಹಲಗೆ, ಬೆಳ್ಳಿ ಅಕ್ಷರದ ಹಳೇ ಪ್ಲೇಟನ್ನೇ ಹಾಕಿಕೊಳ್ಳಬಹುದು. ಹವ್ಯಾಸಿಗಳ ಅಂದದ ಆಸೆಗೆ ಅಲ್ಲಿನ ಕಾನೂನು ಒಂದು ಸಾಲು ಬರೆದುಕೊಟ್ಟಿದೆ. ಇಲ್ಲೂ ಅಂಥದ್ದು ಕೇಳುವುದರಲ್ಲಿ ತಪ್ಪಿಲ್ಲ. ಕೇಳದೆ ಸ್ಟಿಕ್ಕರ್ ಅಂಟಿಸಿಕೊಳ್ಳುವುದು ತಪ್ಪು.

ಇನ್ನು ಹರಾಜಿನ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಬಾಡಿ ಜೋಡಿಸಿದ 'ಕಿಟ್' ಜೀಪುಗಳ ಕಥೆ. ಹರಿಯಾಣದ ಮಂಡಿ ಡಬ್ವಾಲಿ ಇಂಥ ಜೀಪಿಗೆ ದೇಶಕ್ಕೆಲ್ಲ ಹೆಸರುವಾಸಿ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅದೂ ಪಕ್ಕದ ಕೇರಳದಿಂದ ಹೋದ ಪ್ರಕರಣದಲ್ಲಿ. ಇಂಥ ಗಾಡಿಗೆ ಪ್ಲೇಟು ಲೋಹದ್ದೋ ಅಂಟಿನದ್ದೋ ಎನ್ನುವುದು ಆಮೇಲಿನ ಮಾತು. ಆ ನಂಬರು ಯಾವ ಗಾಡಿಯದ್ದು ಎನ್ನುವುದೇ ಮೊದಲ ಪ್ರಶ್ನೆ.

ಮೂರು ಲಕ್ಷದ ಅಂಕಿ

'ಹಿಡಿದರೆ 500 ರೂಪಾಯಿ ದಂಡ ತಾನೇ?' ಎಂದು ನಗುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಮೊದಲ ಸಲ 500, ಮತ್ತೆ ಸಿಕ್ಕರೆ 1,500 ರೂಪಾಯಿವರೆಗೆ ದಂಡ. ಆದರೆ ನಿಜವಾದ ಲೆಕ್ಕ ದಂಡದ್ದಲ್ಲ.

ಜೀಪೊಂದು ಡಿಕ್ಕಿ ಹೊಡೆದು ನಿಲ್ಲದೆ ಹೋಯಿತು ಅಂತಿಟ್ಟುಕೊಳ್ಳಿ. ನಂಬರು ಸಿಕ್ಕಿದರೆ 164ನೇ ಕಲಂ ಅಡಿ ತಪ್ಪು ಯಾರದೆಂದು ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. ತಪ್ಪು ಸಾಬೀತಾದರೆ ಟ್ರಿಬ್ಯೂನಲ್‌ನಲ್ಲಿ ಅದಕ್ಕಿಂತ ಹೆಚ್ಚೂ ಸಿಕ್ಕೀತು. ನಂಬರು ಸಿಗದೇ ಹೋದರೆ? 2022ರ ಏಪ್ರಿಲ್ 1ರಿಂದ ಜಾರಿಯಾದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಅಷ್ಟೇ. ಅಂದರೆ ಉದುರಿ ಹೋದ ಒಂದು ಅಂಕಿಯ ಬೆಲೆ ಕೂಲಿ ಮನೆಗೆ 3 ಲಕ್ಷ! ರಸ್ತೆ ಬದಿ ನಡೆದು ಬರುವ ಹೆಣ್ಣಾಳಿಗೆ ಜೀಪಿನ ಅಂದ ಬೇಕಿಲ್ಲ, ಓದಲು ಬರುವ ನಂಬರು ಬೇಕು.

ಹಾಗಂತ ತಪ್ಪೆಲ್ಲ ಮಾಲೀಕರದ್ದೇ ಅಲ್ಲ. ವಿಂಟೇಜ್ ನಿಯಮ ನೋಡಿದರೆ 50 ದಾಟಿರಬೇಕು, ದುಡಿಯುವಂತಿಲ್ಲ. ಕಣಿವೆಯ ಜೀಪುಗಳು ಅನ್ನ ಕೊಡುವ ಗಾಡಿಗಳು. 15 ವರ್ಷ ದಾಟಿದ ಸ್ವಂತ ಕಾರು-ಜೀಪಿನ ನೋಂದಣಿ ನವೀಕರಣಕ್ಕೆ 600 ಇದ್ದ ಶುಲ್ಕ 2022ರಲ್ಲಿ 5,000 ರೂಪಾಯಿಗೆ ಏರಿತು. ತೇನಿ ಬೇರೆ ಜಿಲ್ಲೆಯಾಗುವ ಮುಂಚೆ ಮಧುರೆಯಲ್ಲಿ ನೋಂದಣಿಯಾದ ಗಾಡಿಗಳ ಕಾಗದ ಹುಡುಕುವುದೇ ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ. ಪ್ಲೇಟು ಬೇಕೆಂದು ಮನಸ್ಸು ಮಾಡಿದವನಿಗೂ ದಾರಿ ಸಲೀಸಿರಬೇಕಲ್ಲ?

ಆದ್ದರಿಂದ ಬರೀ ದಂಡದ ಚೀಟಿ ಹರಿದರೆ ಸಾಲದು. ತೇನಿ, ದಿಂಡಿಗಲ್ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು ಘಾಟಿ ಬುಡದ ಊರುಗಳಲ್ಲೇ ಶಿಬಿರ ನಡೆಸಿ, ಕಾಗದ ಪರಿಶೀಲಿಸಿ, ಪ್ಲೇಟು ಕೂರಿಸಿಕೊಡುವ ವ್ಯವಸ್ಥೆ ಮಾಡಬೇಕಿದೆ. ಏಲಕ್ಕಿ ಸುಗ್ಗಿ ಮುಗಿದ ಬಿಡುವಿನಲ್ಲಿ ಮಾಡಿದರೆ ಜೀಪಿನವರೂ ಬಂದಾರು. ಅಲ್ಲಿಯವರೆಗೆ ಮಾಲೀಕರು ಕನಿಷ್ಠ ಸುಲಿದ ಸ್ಟಿಕ್ಕರ್ ಕಿತ್ತು, ಹಲಗೆಯ ಮೇಲೆ ನಿಯಮದ ಅಳತೆಯಲ್ಲಿ ನಂಬರು ಬರೆಸಲಿ. ಅದರಿಂದ ನಿಯಮ ಪೂರ್ತಿ ಪಾಲಿಸಿದಂತಾಗದು, ನಂಬರು ಓದಲಿಕ್ಕಾದರೂ ಬಂದೀತು.

ಮುಂದಿನ ಮಳೆಗಾಲಕ್ಕೆ ಮುಂಚೆ ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?