ದೂರವೆಷ್ಟು, ಹೊತ್ತೆಷ್ಟು?

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುವುದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ನ್ಯಾಮತಿಯಿಂದ ಶಿವಮೊಗ್ಗೆಗೆ ಹೋಗುವ ಬಸ್ಸಿನ ಮಟ್ಟಿಗೆ ಈ ಸೂತ್ರ ಅಷ್ಟಾಗಿ ಮೋಸ ಮಾಡದು. ಸಂತೆಯ ದಿನ ಬಸ್ಸು ಎಲ್ಲೆಲ್ಲಿ ನಿಲ್ಲುವುದೆಂಬ ಮಾತು ಬೇರೆ. ಆದರೆ 2023ರ ಫೆಬ್ರವರಿಯಲ್ಲಿ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಕಡೆಯ ಮಕ್ಕಳ ಲೆಕ್ಕಗಳೂ ಆಕಾಶಕ್ಕೇರಿವೆ. ಅವಕ್ಕೆ ಉತ್ತರ ಹೇಳಲು ನಮ್ಮ ಪಾಠಕ್ರಮ ಸಾಲದೆಂಬುದು ನನ್ನ ದೂರು.

ಹೈಸ್ಕೂಲಿನ ಹುಡುಗಿಯೊಬ್ಬಳು ಈಚೆಗೆ ಕೇಳಿದಳು: "ಸಾರ್, ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ 14,000 ಕಿಲೋಮೀಟರು. ವಿಮಾನದ ವೇಗ ಗಂಟೆಗೆ 900. ಹದಿನೈದೂವರೆ ಗಂಟೆ ಸಾಕು. ಹದಿನೇಳು ಗಂಟೆ ಏಕೆ ಬೇಕಾಯಿತು?" ಅವಳ ಭಾಗಾಕಾರ ನಿರ್ದುಷ್ಟವಾಗಿತ್ತು. ತಪ್ಪಿದ್ದುದು ಗೋಡೆಯ ಮೇಲಿನ ಭೂಪಟದಲ್ಲಿ.

ಚಪ್ಪಟೆಯಾದ ಭೂಪಟದಲ್ಲಿ ಈ ಎರಡು ಊರುಗಳು ಎರಡು ಅಂಚುಗಳಲ್ಲಿವೆ, ನಡುವೆ ಸಾಗರ. ಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಹದಿನಾಲ್ಕು ಸಾವಿರವೆಂಬುದು ಈ ದಾರದ ಅಳತೆ. ವಿಮಾನವು ದಾರವನ್ನೇ ಹಿಡಿದು ಹೋಗಬೇಕೆಂಬ ನಿಯಮವಿಲ್ಲ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿ, ಉತ್ತರ ಧ್ರುವದ ಮೇಲೆ ಹಾಯಿಸಿ, ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿದರು. ಹಾರಾಟ ಸುಮಾರು 17 ಗಂಟೆ. ಉಳಿದುದನ್ನು ನುಂಗಿದ್ದು ಎರಡು ಊರುಗಳ ಹದಿಮೂರೂವರೆ ಗಂಟೆಯ ಕಾಲಭೇದ. ಪಾಪ, ಆ ಪ್ರಯಾಣಿಕರ ಭಾನುವಾರದ ಪುರವಣಿ ಆಕಾಶದಲ್ಲೇ ಕಳೆದುಹೋಯಿತು!

ಎರಡನೆಯ ಸಂಗತಿ ಗಾಳಿ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತಿದೆ. ಜೆಟ್ ಪ್ರವಾಹವೆಂದು ಅದರ ಹೆಸರು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ದಾರಿಯಲ್ಲಿ ಸುಮಾರು 13,900 ಕಿಲೋಮೀಟರು. 2016ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯ ವಿಮಾನ ಪೆಸಿಫಿಕ್ ದಾರಿ ಹಿಡಿದು 15,300 ಕಿಲೋಮೀಟರು ಹಾರಿತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಸುಮಾರು ಎರಡು ಗಂಟೆ ಮುಂಚಿತವಾಗಿ, ತಲುಪಿತು. ಬೆನ್ನಿಗೆ ಗಾಳಿ ಬಿದ್ದರೆ ಸುತ್ತುದಾರಿಯೂ ಹತ್ತಿರವಾಗುತ್ತದೆ. ಭೂಮಿ ಕೆಳಗೆ ತಿರುಗುವುದರಿಂದ ಹೊತ್ತು ಉಳಿಯುವುದೆಂದು ಹೇಳುವ ತಿಳಿದವರೂ ಇದ್ದಾರೆ. ಭೂಮಿಯೊಡನೆ ವಾಯುಮಂಡಲವೂ ತಿರುಗುತ್ತದೆಂಬುದನ್ನು ಅವರು ಮರೆಯುತ್ತಾರೆ.

ಇಷ್ಟನ್ನು ತಿಳಿಸಲು ಬೇಕಾದುದು ಒಂದು ಗೋಳ, ಒಂದು ಮೊಳ ದಾರ, ಒಂದು ಪೀರಿಯಡ್. ನಾನು ಕಂಡ ಹಲವು ಶಾಲೆಗಳಲ್ಲಿ ಗೋಳವೇನೋ ಉಂಟು. ಬೀರುವಿನೊಳಗೆ, ಬೀಗದ ಹಿಂದೆ, ಮಕ್ಕಳ ಕೈ ತಾಗಿ ಬಣ್ಣ ಹೋದೀತೆಂಬ ಭಯದಲ್ಲಿ. ಪಾಠಗಳೇ ಮುಗಿಯುತ್ತಿಲ್ಲವೆಂದು ಉಪಾಧ್ಯಾಯ ಮಿತ್ರರು ಆಕ್ಷೇಪಿಸುವರು. ಅವರ ಕಷ್ಟ ನಾನು ಬಲ್ಲೆ. ಆದರೂ ಗಣಿತದ ಮೇಷ್ಟರೂ ಭೂಗೋಳದ ಮೇಷ್ಟರೂ ವರ್ಷಕ್ಕೊಂದು ಸಲ ಒಂದೇ ತರಗತಿಯಲ್ಲಿ ನಿಲ್ಲಲಿ. ಪ್ರಶ್ನೆಪತ್ರಿಕೆಯಲ್ಲಿ ಹದಿನೈದೂವರೆ ಎಂಬ ಉತ್ತರಕ್ಕೆ ಒಂದು ಅಂಕವಿರಲಿ. ವಿಮಾನ ಆ ಹೊತ್ತಿಗೆ ಏಕೆ ಬರಲಿಲ್ಲವೆಂದು ಬರೆದವರಿಗೆ ನಾಲ್ಕು.