ಉಗುರು ಕಳಚಿದರೆ ಊರನ್ನೂ ನೋಡಿ

ವಿದರ್ಭದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ 2024ರ ಡಿಸೆಂಬರ್ ಕೊನೆಯಿಂದ ಜನರ ತಲೆಗೂದಲು ಉದುರತೊಡಗಿದಾಗ ಮೊದಲು ಬೈಸಿಕೊಂಡದ್ದು ಶಾಂಪೂ ಮತ್ತು ನೀರು. 2025ರ ಏಪ್ರಿಲ್ ಹೊತ್ತಿಗೆ ಕೆಲವರ ಉಗುರುಗಳೂ ವಿಕಾರಗೊಂಡು ಕಳಚಿದವು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದೆ ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್, ಪಂಜಾಬ್-ಹರಿಯಾಣದಿಂದ ಬಂದ ರೇಷನ್ ಗೋಧಿಯಲ್ಲಿ ಮಿತಿಮೀರಿದ ಸೆಲೆನಿಯಂ ಇದಕ್ಕೆ ಕಾರಣ ಎಂದರು. ಅದೇ ಕೊನೆಯ ಮಾತಾಗಬೇಕಿಲ್ಲ. ಆದರೆ ಕೂದಲು, ಉಗುರು ಎರಡೂ ಕೆರಾಟಿನ್‌ನಿಂದಲೇ ಆದವು, ಸೆಲೆನಿಯಂ ಹೆಚ್ಚಾದರೆ ಎರಡೂ ಉದುರುತ್ತವೆ ಎಂಬುದು ವೈದ್ಯಲೋಕಕ್ಕೆ ಹೊಸತೇನಲ್ಲ. ಉಗುರಿನ ಸರದಿ ತಡವಾಗಿ ಬಂದದ್ದೂ ಅಚ್ಚರಿಯಲ್ಲ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಬುಡಕ್ಕೆ ಬಿದ್ದ ಪೆಟ್ಟು ಹೊರಗೆ ಕಾಣಲು ವಾರಗಳೇ ಬೇಕು. ಎಲ್ಲ ಉಗುರುಗಳ ಮೇಲೂ ಬುಡದಿಂದ 6 ಮಿಲಿಮೀಟರ್ ದೂರದಲ್ಲಿ ಅಡ್ಡಗೆರೆಯ ತಗ್ಗು ಕಂಡರೆ, ಎರಡು ತಿಂಗಳ ಹಿಂದೆ ಈ ಮೈಗೆ ಏನಾಗಿತ್ತು ಎಂದು ಕೇಳಲೇಬೇಕು. ಜೋರು ಜ್ವರವೋ, ಕ್ಯಾನ್ಸರ್ ಔಷಧಿಯೋ, ವಿಷವೋ ಇರಬಹುದು.

ಇಷ್ಟು ಹೇಳುವ ಉಗುರನ್ನು ನಮ್ಮ ಆಸ್ಪತ್ರೆಗಳು ನೋಡುವುದು ಅಪರೂಪ. ನೋಡಿದರೂ ‘ಫಂಗಸ್’ ಎಂದು ಮುಲಾಮು ಬರೆದು ಕಳಿಸುವುದೇ ಹೆಚ್ಚು. ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಸೋರಿಯಾಸಿಸ್‌ನದಾಗಿರಬಹುದು, ಹಾಗಿದ್ದರೆ ಕೀಲುನೋವನ್ನೂ ವಿಚಾರಿಸಬೇಕು. ಚಮಚದಂತೆ ತಗ್ಗಾದ ಉಗುರು ಕಬ್ಬಿಣಾಂಶದ ಕೊರತೆಯ ಗುರುತು. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟಿಯನ್ನಂತೂ ಮುಂದೂಡಲೇಬಾರದು, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದೀತು.

ಉಗುರು ನೋಡಿ ರೋಗ ಹೇಳುವುದು ಜ್ಯೋತಿಷ್ಯವಲ್ಲವೇ ಎಂಬ ಆಕ್ಷೇಪ ಪೂರ್ತಿ ತಪ್ಪಲ್ಲ. ಬಿಳಿಚುಕ್ಕೆ ಕಂಡೊಡನೆ ಕ್ಯಾಲ್ಸಿಯಂ ಮಾತ್ರೆ ನುಂಗಿಸುವ ನಮ್ಮ ಮನೆವೈದ್ಯವೇ ಅದಕ್ಕೆ ಸಾಕ್ಷಿ. ಆ ಚುಕ್ಕೆಗಳು ಬಹುಮಟ್ಟಿಗೆ ಸಣ್ಣಪುಟ್ಟ ಏಟಿನವು. ಉಗುರು ರೋಗವನ್ನು ಖಚಿತಪಡಿಸುವುದಿಲ್ಲ, ಯಾವ ಪರೀಕ್ಷೆ ಮಾಡಿಸಬೇಕು ಎಂದು ತೋರಿಸುತ್ತದೆ, ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುವವರಿಗೆ ಇಷ್ಟೇ ಉತ್ತರ: ನಾಡಿ ಹಿಡಿದಾಗ ಕೈ ಹೇಗೂ ವೈದ್ಯರ ಕೈಯಲ್ಲೇ ಇರುತ್ತದೆ, ಹತ್ತು ಬೆರಳು ನೋಡಲು ಅರ್ಧ ನಿಮಿಷ ಸಾಕು. ಬಣ್ಣ, ಮೆಹಂದಿ ಇದ್ದರೆ ಕಾಲಿನ ಉಗುರನ್ನೂ ನೋಡಲಿ. ಒಬ್ಬರ ಉಗುರು ಕಳಚಿದ್ದರೆ ಚರ್ಮವೈದ್ಯರ ಬಳಿ ಕಳಿಸಬಹುದು. ಒಂದೇ ಊರಿನ ಹತ್ತು ಜನರದು ಕಳಚಿದ್ದರೆ ಮುಲಾಮು ಬರೆದು ಸುಮ್ಮನಾಗದೆ ಜಿಲ್ಲಾ ಆರೋಗ್ಯಾಧಿಕಾರಿಗೆ ವರದಿ ಹೋಗಬೇಕು. ಬಾವಿ ನೀರಿನ ಜೊತೆಗೆ ರೇಷನ್ ಚೀಲದ ಕಾಳೂ ಅದೇ ವಾರ ಪ್ರಯೋಗಾಲಯ ಸೇರಬೇಕು.