ಶಾಸಕರನ್ನು ಬದಲಿಸಿದರೆ ಲೆಕ್ಕ ಚುಕ್ತಾ ಆಯಿತೇ?

2023ರ ಮೇ 13ರಂದು ಮತ ಎಣಿಕೆ ಮುಗಿದಾಗ ದಾವಣಗೆರೆ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರು ಕಾಂಗ್ರೆಸ್ಸಿನ ಪಾಲಾಗಿದ್ದವು. ಹರಿಹರವೊಂದೇ ಬಿಜೆಪಿಗೆ ಒಲಿದಿತ್ತು. ಅಲೆಗೆ ಎದುರಾಗಿ ಈಜಿದ ಕ್ಷೇತ್ರ ಎಂದು ಮೆಚ್ಚಬಹುದು. ಆದರೆ ಹಿಂದಿನ ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿದರೆ ಕಾಣುವುದೇ ಬೇರೆ. 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ, 2023ರಲ್ಲಿ ಮತ್ತೆ ಹರೀಶ್. ಯಾರನ್ನೂ ಸತತ ಎರಡು ಸಲ ಉಳಿಸಿಕೊಂಡಿಲ್ಲ. ರಾಮಪ್ಪನವರಿಗಂತೂ 2023ರಲ್ಲಿ ಪಕ್ಷವೇ ಟಿಕೆಟ್ ಕೊಡಲಿಲ್ಲ.

ಇಡೀ ರಾಜ್ಯದ ಕಥೆಯೂ ಇದೇ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದದ್ದೇ ಕೊನೆ. ಆಮೇಲೆ ಯಾವ ಆಳುವ ಪಕ್ಷವೂ ಚುನಾವಣೆ ಗೆದ್ದು ಮುಂದುವರಿದಿಲ್ಲ. ಇದನ್ನು ಮತದಾರರ ಜಾಣತನ ಎಂದು ಬರೆಯುವುದು ನಮ್ಮಲ್ಲಿ ರೂಢಿ. ನನಗೆ ಇದರಲ್ಲಿ ಜಾಣತನಕ್ಕಿಂತ ಬೇಸರವೇ ಹೆಚ್ಚು ಕಾಣುತ್ತದೆ. ಶಾಸಕರನ್ನು ಕೆಳಗಿಳಿಸುವುದು ಒಂದು, ಅವರಿಂದ ಲೆಕ್ಕ ಕೇಳುವುದು ಇನ್ನೊಂದು. ನಾವು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೇವೆ.

ಫಲಿತಾಂಶಕ್ಕೆ ಇಷ್ಟೊಂದು ಅರ್ಥ ಹೊರಿಸುವುದೂ ಸರಿಯಲ್ಲ. ಬಿಜೆಪಿಗೆ 2018ರಲ್ಲಿ ರಾಜ್ಯದಲ್ಲಿ ಬಿದ್ದದ್ದು ಶೇ. 36ರಷ್ಟು ಮತ, ಸಿಕ್ಕಿದ್ದು 104 ಸ್ಥಾನ. 2023ರಲ್ಲೂ ಹೆಚ್ಚುಕಡಿಮೆ ಅಷ್ಟೇ ಮತ ಬಿತ್ತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್ ಮತ ಶೇ. 18ರಿಂದ 13ಕ್ಕೆ ಕುಸಿದು ಕಾಂಗ್ರೆಸ್ ಮತ ಏರಿದ್ದೇ ಆಟ ಬದಲಿಸಿತು. ಹರಿಹರದಲ್ಲಿ ಮೂರು ಪಕ್ಷಗಳೂ ಗಟ್ಟಿಯಾಗಿವೆ. ಇಲ್ಲಿ ಕಳೆದ ಸಲ ಗೆದ್ದವರಿಗೆ ಬಿದ್ದ ಮತ ಶೇ. 40 ಮುಟ್ಟಲಿಲ್ಲ, ಅಂತರ ಸುಮಾರು 4 ಸಾವಿರ. ಹೀಗಿರುವಾಗ ಜನ ಏನನ್ನು ಒಪ್ಪಿದರು, ಏನನ್ನು ತಳ್ಳಿಹಾಕಿದರು ಎಂದು ಯಾರು ಖಚಿತವಾಗಿ ಹೇಳಬಲ್ಲರು?

ಶಾಸಕರು ಬದಲಾದರೂ ಸಮಸ್ಯೆ ಉಳಿಯುತ್ತದೆ ಎಂಬುದಕ್ಕೆ ಭದ್ರಾ ನಾಲೆಯನ್ನೇ ನೋಡಿ. ಹರಿಹರ ತಾಲ್ಲೂಕಿನ ಹಳ್ಳಿಗಳು ಅಚ್ಚುಕಟ್ಟಿನ ಕೊನೆಭಾಗದಲ್ಲಿವೆ. ಬೇಸಿಗೆ ಭತ್ತ ನಾಟಿ ಮಾಡಿದವರು ನೀರು ತಲುಪಲಿಲ್ಲವೆಂದು ರಸ್ತೆಗಿಳಿಯುವುದು ಹಳೆಯ ಮಾತು. ನಾಲೆಯುದ್ದಕ್ಕೂ ಅಕ್ರಮ ಪಂಪ್‌ಸೆಟ್‌ಗಳು ನೀರೆತ್ತುತ್ತವೆ. ಮೇಲ್ಭಾಗದಲ್ಲಿ ಅಡಿಕೆ ತೋಟಗಳಿವೆ, ಅಲ್ಲಿನವರಿಗೂ ಮತವಿದೆ, ಅವರಿಗೂ ಒಬ್ಬ ಶಾಸಕರಿದ್ದಾರೆ. ಹರಿಹರದ ಶಾಸಕರು ಯಾವ ಪಕ್ಷದವರಾದರೂ ಒಬ್ಬರೇ ಇದನ್ನು ಬಿಡಿಸಲಾರರು. ಐದೈದು ವರ್ಷಕ್ಕೆ ಮುಖ ಬದಲಾದಾಗ ನೀರಾವರಿ ಇಲಾಖೆಯ ಅಧಿಕಾರಿಗಳಿಗೆ ಹೊಸಬರ ಮುಂದೆ ಮೊದಲಿನಿಂದ ವಿವರಣೆ ಶುರು ಮಾಡಿದರೆ ಸಾಕು. ಹಳೆಯ ಭರವಸೆಯನ್ನು ಯಾರ ಖಾತೆಗೂ ಬರೆಯದೆ ಕೈಬಿಡಬಹುದು.

ಕಾರ್ಖಾನೆಯ ವಿಷಯವೂ ಹೀಗೇ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರಕ್ಕೆ ಲೇತ್ ಯಂತ್ರಗಳ ಹೆಸರು ತಂದಿತ್ತು. ಅದು ಮುಚ್ಚಿದ ಮೇಲೆ ಮೂರೂ ಪಕ್ಷದವರು ಇಲ್ಲಿಂದ ಗೆದ್ದಿದ್ದಾರೆ. ಅಂಥ ಇನ್ನೊಂದು ಕಾರ್ಖಾನೆ ಬರಲಿಲ್ಲ.

ಆಳುವ ಪಕ್ಷದ ಶಾಸಕರಿದ್ದರೆ ಅನುದಾನ ಹರಿದುಬರುತ್ತಿತ್ತು ಎನ್ನುವವರಿದ್ದಾರೆ. ಹರಿಹರ 2013ರಿಂದೀಚೆಗೆ ಹೆಚ್ಚು ಕಾಲ ವಿರೋಧ ಪಕ್ಷದ ಸಾಲಿನಲ್ಲೇ ಕೂತಿದೆ ಎಂಬುದು ನಿಜ. ಆದರೆ ಗೆಲ್ಲುವ ಪಕ್ಷವನ್ನು ಮೊದಲೇ ಊಹಿಸಿ ಮತ ಹಾಕಿದವರಿಗೆ ಮಾತ್ರ ನಾಲೆಯ ನೀರು ಎಂಬ ವಾದವನ್ನು ನಾನು ಒಪ್ಪಲಾರೆ. ವಿರೋಧ ಪಕ್ಷಕ್ಕೆ ಮತ ಹಾಕಿದವರೂ ತೆರಿಗೆ ಕಟ್ಟುತ್ತಾರೆ.

ಎರಡು ಚುನಾವಣೆಗಳ ನಡುವೆ ಕೇಳುವ ಜಾಗಗಳು ಇಲ್ಲದಿಲ್ಲ. ಭದ್ರಾ ನೀರಾವರಿ ಸಲಹಾ ಸಮಿತಿಯಲ್ಲಿ ನೀರು ಬಿಡುವ ದಿನಗಳು ತೀರ್ಮಾನವಾಗುತ್ತವೆ. ಅಲ್ಲಿ ನಮ್ಮ ಶಾಸಕರು ಕೊನೆಭಾಗದ ಪರ ಏನು ಹೇಳಿದರು, ಅಕ್ರಮ ಪಂಪ್‌ಸೆಟ್ ತೆರವಿಗೆ ಸದನದಲ್ಲಿ ಯಾವ ಪ್ರಶ್ನೆ ಕೇಳಿದರು, ಸರ್ಕಾರದ ಉತ್ತರವೇನು ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. 2028ರಲ್ಲಿ ಗೆಲ್ಲುವವರು ಯಾರೇ ಆಗಲಿ, ಅವರ ಕೈಗೆ ಹಾರಕ್ಕಿಂತ ಮೊದಲು ಆ ಪುಸ್ತಕ ಕೊಡಬೇಕು.